ಮೂರು ಮನೆಗೆ ಒಂದೇ ಅಟ್ಟ: ಬೆಂಕಿ ತಡೆಯುವ ಗೋಡೆ ನಿಲ್ಲಿಸಿದ ಕಥೆ

ಮೈಸೂರಿನ ಅಗ್ರಹಾರದಲ್ಲಿ ನಮ್ಮದು ಹಳೇ ಹೆಂಚಿನ ವಠಾರ. ಕೆಳಗೆ ಮೂರು ಮನೆ, ಮೇಲೆ ಒಂದೇ ಅಟ್ಟ. ಈ ತುದಿಯಲ್ಲಿ ಟಾರ್ಚ್ ಬಿಟ್ಟರೆ ಆ ತುದಿಯ ಸೌದೆ ಕಾಣುತ್ತಿತ್ತು. ಎರಡು ವರ್ಷದ ಹಿಂದೆ ಇಲಿ ಕಡಿದ ವೈರಿನಿಂದ ಪಕ್ಕದ ಮನೆಯ ಮೇಲೆ ಬೆಂಕಿ ಹತ್ತಿತು. ಮೇನ್ ಆಫ್ ಮಾಡಿ, ಮರಳು ಎರಚಿ ಆರಿಸಿದೆವು. ಆದರೆ ಹೊಗೆ ಮೊದಲು ಇಳಿದಿದ್ದು ನಮ್ಮ ಅಡುಗೆಮನೆಗೆ. ಅವತ್ತೇ ಅಟ್ಟದಲ್ಲಿ ನಮಗೂ ಪಕ್ಕದವರಿಗೂ ನಡುವೆ ಗೋಡೆ ಹಾಕುವುದು ಅಂತ ತೀರ್ಮಾನಿಸಿದೆ.

"ಹೆಂಚಿನ ಮನೆಗೆ ಇದೆಲ್ಲ ಆಗಲ್ಲ, ಸಂದಿಯಲ್ಲಿ ನುಗ್ಗೇ ನುಗ್ಗುತ್ತೆ" ಅಂದರು ಜೊತೆಯ ಮೇಸ್ತ್ರಿಗಳು.

ಮೊದಲು ನಾಲ್ಕಿಂಚಿನ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ಇರುವ ಹಗುರ ಸಿಮೆಂಟ್ ಇಟ್ಟಿಗೆ) ತಂದೆ, ಸುಮಾರು 50. ಹಗುರ ನಿಜ, ಆದರೂ ಒಂದೊಂದು ಏಳೆಂಟು ಕೆಜಿ ಅಲ್ವಾ? ಕೆಳಗಿನ ಗೋಡೆ ಅರ್ಧ ಉದ್ದಕ್ಕೇ ನಿಂತಿದೆ. ಉಳಿದ ಭಾರವೆಲ್ಲ ಹಜಾರದ ತೊಲೆಗೆ. ಐದನೇ ವರಸೆಗೆ ತೊಲೆ ಬಗ್ಗಿ ಗಾರೆ ಬಿರುಕು ಬಿಟ್ಟಿತು. ಎಲ್ಲ ಬಿಚ್ಚಿಸಿದೆ. ಏಳು ಸಾವಿರ ಹೋಯಿತು.

ಆಮೇಲೆ ಜಿಐ ಚಾನೆಲ್ (ಸತುವು ಲೇಪಿಸಿದ ತಗಡಿನ ಚೌಕಟ್ಟು), ಅದಕ್ಕೆ ಜಿಪ್ಸಮ್ ಬೋರ್ಡ್. ಅಂಗಡಿಯವರು ಮಾಮೂಲಿ ಬಿಳಿ ಬೋರ್ಡೇ ಸಾಕು ಅಂದರು. ನನಗೆ ನಂಬಿಕೆ ಬರಲಿಲ್ಲ. ಎರಡಡಿ ತುಂಡುಗಳನ್ನು ಮಂಡ್ಯದ ಹತ್ತಿರ ನೆಂಟರ ಆಲೆಮನೆಗೆ ಒಯ್ದೆ. ಕಬ್ಬಿನ ರಚ್ಚು ಉರಿಯುವ ಒಲೆಯ ಬಾಯಿಗೆ ಒಂದೊಂದಾಗಿ ಕೊಟ್ಟೆ. ಬಿಳಿಯದು ಒಂದೇ ಪದರ, 20 ನಿಮಿಷಕ್ಕೆ ಸೀಳಿ ಉದುರಿತು. ಬೆಂಕಿಗೆಂದೇ ಬರುವ ಪಿಂಕ್ ಬೋರ್ಡ್ ಎರಡು ಪದರ, ನಡುವೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ, ಉರಿಯದ ಹತ್ತಿಯಂಥದ್ದು), ಮತ್ತೆ ಎರಡು ಪದರ. ಅದು ಒಂದು ಗಂಟೆ ದಾಟಿದರೂ ಹಿಂದೆ ಅಂಟಿಸಿದ್ದ ಕಾಗದ ಕಪ್ಪಾಗಲಿಲ್ಲ. ಸಂದಿಗೆ ಎಲ್ಲರೂ ಹೊಡೆಯುವ ಪಿಯು ಫೋಮ್ (ಡಬ್ಬಿಯಿಂದ ನೊರೆಯಾಗಿ ಬಂದು ಗಟ್ಟಿಯಾಗುವ ಪ್ಲಾಸ್ಟಿಕ್) ಮಾತ್ರ ಬತ್ತಿಯ ಹಾಗೆ ಉರಿಯಿತು. ದಯವಿಟ್ಟು ಅದನ್ನು ಅಟ್ಟಕ್ಕೆ ಬಳಸಬೇಡಿ. ಜೇಡಿಮಣ್ಣು, ಹುಲ್ಲು ಕಲಸಿದ ಹಲಗೆಯೊಂದನ್ನೂ ಸುಮ್ನೆ ಇಟ್ಟು ನೋಡಿದೆ. ಬಿರುಕು ಬಿಟ್ಟಿತು, ಬೀಳಲಿಲ್ಲ. ಕೊಟ್ಟಿಗೆಗೆ ಅದನ್ನೇ ಮಾಡುವ ಆಸೆ ಇದೆ.

ಅಟ್ಟದ ಬಾಯಿ ಎರಡೇ ಅಡಿ ಅಗಲ. ಆರಕ್ಕೆ ನಾಲ್ಕರ ಬೋರ್ಡ್ ಹತ್ತಲೇ ಇಲ್ಲ, ಉದ್ದಕ್ಕೆ ಸೀಳಬೇಕಾಯಿತು. ಜಾಯಿಂಟ್ ಜಾಸ್ತಿಯಾಯಿತು. ಒಂದು ಪದರದ ಜಾಯಿಂಟ್ ಮೇಲೆ ಇನ್ನೊಂದರದು ಬೀಳದಂತೆ ಕೂರಿಸುವುದಕ್ಕೇ ಎರಡು ದಿನ ಹಿಡಿಯಿತು.

ನಿಜವಾದ ಕಷ್ಟ ಮೇಲಿನದು. ಮರದ ರೀಪುಗಳು ಗೋಡೆ ದಾಟಿ ಹೋಗುತ್ತವಲ್ಲ, ಬೆಂಕಿ ಅದರ ಜೊತೆಗೇ ಆಚೆ ದಾಟುತ್ತದೆ. ಗೋಡೆ ಬರುವ ಅಂಕಣದಲ್ಲಿ ಮರದ ರೀಪು ತೆಗೆದು ಕಬ್ಬಿಣದ್ದು ಹಾಕಿದೆ. ಹೆಂಚಿನ ಹೊಟ್ಟೆಗೆ ರಾಕ್‌ವೂಲ್ ಒತ್ತಿ ತುಂಬಿದೆ. ಮೂಲೆ ಹೆಂಚು ಇಳಿಸದೆ ಇದನ್ನು ಮಾಡಿದ ಕ್ರಮ ನನ್ನದೇ, ಅದನ್ನು ಇಲ್ಲಿ ಹೇಳುವುದಿಲ್ಲ. ವೈರ್ ಹೋಗುವ ತೂತುಗಳಿಗೆ ಬಿಸಿಗೆ ಉಬ್ಬುವ ಸೀಲೆಂಟ್, ಆರು ಟ್ಯೂಬ್.

ಬೋರ್ಡ್ 14, ಹತ್ತೂವರೆ ಸಾವಿರದ ಆಸುಪಾಸು. ಚಾನೆಲ್, ರಾಕ್‌ವೂಲ್, ಸೀಲೆಂಟ್ ಸೇರಿ ಇನ್ನೊಂದು ಹನ್ನೊಂದು ಸಾವಿರ. ಕೂಲಿ ಒಂಬತ್ತು. ಬ್ಲಾಕಿನ ನಷ್ಟ ಬೇರೆ. ಪಕ್ಕದವರು ಅರ್ಧ ಕೊಟ್ಟರು. ಮೂರನೆಯ ಮನೆಯವರು "ನಮಗೇಕೆ" ಅಂದಿದ್ದರು.

ಮಳೆಗಾಲ ಮುಗಿದ ಮೇಲೆ ಹತ್ತಿ ನೋಡಿದೆ. ತೊಲೆ ಬಗ್ಗಿಲ್ಲ, ಬೋರ್ಡಿನ ಬುಡ ಒಣಗಿದೆ. ಪಕ್ಕದ ಅಟ್ಟದಲ್ಲಿ ಸಾಂಬ್ರಾಣಿ ಹೊಗೆ ಹಾಕಿಸಿದೆ, ನಮ್ಮ ಕಡೆ ವಾಸನೆಯೂ ಬರಲಿಲ್ಲ. ಅನುಮಾನಪಟ್ಟ ಮೇಸ್ತ್ರಿಗಳಲ್ಲಿ ಇಬ್ಬರು ಬಂದು ಅಳತೆ ಬರೆದುಕೊಂಡು ಹೋದರು. ಮೂರನೆಯ ಮನೆಯವರೂ ಮುಂಗಡ ಕೊಟ್ಟಿದ್ದಾರೆ. ಎರಡನೇ ಗೋಡೆಗೆ ಬೋರ್ಡ್ ಬಂದು ಹಜಾರದಲ್ಲಿ ಕೂತಿದೆ.