ಅಂಕೋಲಾದಿಂದ ಬಾಂಬೋಳಿಗೆ: ರೋಗಿಯನ್ನು ಬಸ್ಸು, ರೈಲಿನಲ್ಲಿ ಕರೆತರುವುದು ಹೇಗೆ?

ಕಾರವಾರ, ಅಂಕೋಲಾ ಕಡೆಯವರಿಗೆ ಕಾಯಿಲೆ ಸ್ವಲ್ಪ ದೊಡ್ಡದಾದರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜೇ ಗತಿ. ಎಲ್ಲರ ಬಾಯಲ್ಲೂ ಅದು ಜಿಎಂಸಿ. ಆದರೆ ಗೋವಾದ ಮಡಗಾಂವ್‌ನಲ್ಲಿರುವ ನಮ್ಮಂಥವರಿಗೆ ಊರಿಂದ ಫೋನ್ ಬರುವುದು ಎಡವಟ್ಟಾದ ಮೇಲೆಯೇ. "ಇಲ್ಲಿ ಇಳಿದಿದ್ದೇವೆ, ಮುಂದೆ ಯಾವ ಬಸ್ಸು?" ಅನ್ನುವಾಗ ಗಂಟೆ ಹತ್ತೂವರೆ ಆಗಿರುತ್ತದೆ. ಹೊರಡುವ ಮುಂಚೆ ಇದನ್ನು ಓದಿಕೊಳ್ಳಿ.

1. ದಿನ ಗೊತ್ತುಮಾಡಿ. ಹಳೇ ಚೀಟಿಯಲ್ಲಿ ಯಾವ ವಿಭಾಗ, ಯಾವ ವಾರ ಎಂದು ನೋಡಿ. ಅದೇ ಊರಿನ ಇನ್ನೊಬ್ಬರೂ ಬರುವವರಿದ್ದರೆ ಡಾಕ್ಟರ ಹತ್ತಿರ ಇಬ್ಬರಿಗೂ ಒಂದೇ ದಿನ ಕೇಳಿ. ಆಗ ಜೊತೆಗೆ ಬರಲು ಒಬ್ಬರು ಸಾಕು.

2. ಕಾಗದ, ಮಾತ್ರೆ, ಆಧಾರ್ ಎಲ್ಲವೂ ಒಂದೇ ಚೀಲದಲ್ಲಿರಲಿ. ದುಡ್ಡೂ ಬೇಕು. 2018ರಿಂದ ಹೊರರಾಜ್ಯದವರಿಗೆ ಅಲ್ಲಿ ಶುಲ್ಕ ಇದೆ.

3. ಮಡಗಾಂವ್‌ವರೆಗೆ ರೈಲಿನಲ್ಲೇ ಬನ್ನಿ. ಬಸ್ಸಾದರೆ ಪೋಳೆಂ ಚೆಕ್‌ಪೋಸ್ಟ್ ದಾಟಿ, ಕಾಣಕೋಣ ಆದಮೇಲೆ ಕರ್ಮಲ್ ಘಾಟಿಯ ತಿರುವುಗಳು. ಗಟ್ಟಿಮುಟ್ಟಾದವರಿಗೇ ಅಲ್ಲಿ ಹೊಟ್ಟೆ ತೊಳಸುತ್ತದೆ, ಇನ್ನು ರೋಗಿಯ ಕಥೆ ಕೇಳಬೇಕಾ? ರೈಲಿನಲ್ಲಿ ಶೌಚಾಲಯವೂ ಇದೆ. ಕಾರವಾರದ ರೈಲು ನಿಲ್ದಾಣ ಇರುವುದು ಶಿರವಾಡದಲ್ಲಿ, ಪೇಟೆಯಲ್ಲಲ್ಲ. ಆ ದಾರಿಗೂ ಸಮಯ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ. ಮೇ ತಿಂಗಳಲ್ಲಿ ನೋಡಿಟ್ಟ ಸಮಯ ಜುಲೈಗೆ ನಡೆಯುವುದಿಲ್ಲ. ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ರೈಲು ಟಿಕೆಟ್‌ನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯವರು ತುಂಬಿಕೊಟ್ಟ ಫಾರಂ ಹಿಡಿದು ಕೌಂಟರಿಗೇ ಹೋಗಬೇಕು.

ಬಸ್ಸೇ ಬೇಕೆನ್ನುವ ಹೆಂಗಸರಿಗೆ ಒಂದು ಮಾತು. 2023ರಲ್ಲಿ ಬಂದ 'ಶಕ್ತಿ'ಯ ಉಚಿತ ಟಿಕೆಟ್ ಅಂಕೋಲಾ–ಕಾರವಾರ ಬಸ್ಸಿಗೆ ಸರಿ. ರಾಜ್ಯದ ಗಡಿ ದಾಟುವ ಮಡಗಾಂವ್ ಬಸ್ಸಿನಲ್ಲಿ ದುಡ್ಡು ಕೊಡಬೇಕು. ಕಂಡಕ್ಟರ್ ಜೊತೆ ಜಗಳ ಬೇಡ.

4. ಜನ ಎಡವುವುದು ಮಡಗಾಂವ್‌ನಲ್ಲಿ. ರೈಲು ನಿಲ್ದಾಣ ಒಂದು ಕಡೆ, ಕದಂಬ (ಗೋವಾದ ಸರ್ಕಾರಿ ಬಸ್ಸು) ಬಸ್ ನಿಲ್ದಾಣ ಊರಿನ ಇನ್ನೊಂದು ಕಡೆ. ನಡುವೆ ರಿಕ್ಷಾ ಹಿಡಿಯಬೇಕು. ಬೈಕ್ ಮೇಲೆ ಕೂರಿಸಿಕೊಂಡು ಹೋಗುವ 'ಪೈಲಟ್'ಗಳು ಅಗ್ಗ, ಬೇಗ, ನಿಜ. ಆದರೆ ಹೊಲಿಗೆ ಹಾಕಿದ ಹೊಟ್ಟೆ ಹೊತ್ತವರನ್ನು ಅದರ ಮೇಲೆ ಕೂರಿಸುವುದುಂಟೇ? ಕೂರಿಸಿದವರನ್ನು ನೋಡಿಯೇ ಹೇಳುತ್ತಿದ್ದೇನೆ.

ಬಸ್ ನಿಲ್ದಾಣದಲ್ಲಿ ಪಣಜಿ ಶಟಲ್‌ಗೆ ದೊಡ್ಡ ಸಾಲು. ಟಿಕೆಟ್ ಕೌಂಟರಿನಲ್ಲೇ ಕೊಡುತ್ತಾರೆ. ನಮ್ಮವರು ಸುಮ್ನೆ ಆ ಸಾಲಿಗೆ ಸೇರಿಬಿಡುತ್ತಾರೆ. ಶಟಲ್ ಅಂದರೆ ನಡುವೆ ನಿಲ್ಲದೆ ಹೋಗುವ ಬಸ್ಸು, ಬಾಂಬೋಳಿ ಇರುವುದು ಪಣಜಿಗಿಂತ ಮೊದಲು, ಹೆದ್ದಾರಿ ಪಕ್ಕದಲ್ಲೇ. ಕೇಳದೆ ಹತ್ತಿದವರು ಪಣಜಿಗೆ ಹೋಗಿ, ಇನ್ನೊಂದು ಬಸ್ಸು ಹಿಡಿದು, ಬಂದ ದಾರಿಯಲ್ಲೇ ವಾಪಸ್ ಬರುತ್ತಾರೆ. ಟಿಕೆಟ್ ತೆಗೆಯುವ ಮೊದಲು "ಜಿಎಂಸಿ ಲಾಗಿಂ ರಾವ್ತಾ?" (ಜಿಎಂಸಿ ಹತ್ತಿರ ನಿಲ್ಲುತ್ತದಾ?) ಎಂದು ಕೊಂಕಣಿಯಲ್ಲಿ ಕೇಳಿ. ಇಲ್ಲ ಅಂದರೆ ಅಲ್ಲಲ್ಲಿ ನಿಲ್ಲುವ ಪಣಜಿ ಬಸ್ಸು ಹತ್ತಿ, ಹತ್ತುವಾಗಲೇ ಕಂಡಕ್ಟರಿಗೆ ಆಸ್ಪತ್ರೆ ಎಂದು ಹೇಳಿಡಿ. ಜುವಾರಿ ಸೇತುವೆ ದಾಟಿದ ಮೇಲೆ ಚೀಲ ಕೈಗೆತ್ತಿಕೊಳ್ಳಿ, ರೋಗಿಯನ್ನು ಮಾತ್ರ ಬಸ್ಸು ಪೂರ್ತಿ ನಿಂತ ಮೇಲೆಯೇ ಎಬ್ಬಿಸಿ.

ಮೊಬೈಲ್‌ ಆ್ಯಪ್‌ಗಳಲ್ಲಿ ಕಾಣುವ ಬಸ್ ಸಮಯವನ್ನು ನಂಬಬೇಡಿ, ನಿಲ್ದಾಣದ ಕಂಟ್ರೋಲರನ್ನು ಕೇಳಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಮಡಚುವ ವೀಲ್‌ಚೇರ್ ಅಂತೂ ಬೇಡವೇ ಬೇಡ. ಬಸ್ಸಿನ ಮೆಟ್ಟಿಲಲ್ಲಿ ಅದನ್ನೂ ಎತ್ತಬೇಕು, ರೋಗಿಯನ್ನೂ ಎತ್ತಬೇಕು. ಆಸ್ಪತ್ರೆಯೊಳಗೆ ಗಾಲಿಕುರ್ಚಿ ಕೇಳಿದರೆ ಕೊಡುತ್ತಾರೆ.

ಇಷ್ಟೆಲ್ಲ ಬದಲಿಸಿಕೊಂಡು ಅದೇ ಬೆಳಿಗ್ಗೆ ಒಪಿಡಿ ಸಾಲಿಗೆ ತಲುಪುವ ಆಸೆ ಬಿಡಿ. ಹಿಂದಿನ ಸಂಜೆಯೇ ಬಂದು ಉಳಿಯಿರಿ. ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಇದ್ದರಂತೂ ಬೇರೆ ದಾರಿಯೇ ಇಲ್ಲ. ಸಕ್ಕರೆ ಕಾಯಿಲೆಯವರನ್ನು ಅನ್ನ ನೀರು ಕೊಡದೆ ನೂರು ಕಿಲೋಮೀಟರ್ ಕರೆತರಬಾರದು.

5. ವಾಪಸ್ಸಿನ ಬಸ್ಸು ಅಥವಾ ರೈಲನ್ನು ಬರುವ ಮೊದಲೇ ಗೊತ್ತುಮಾಡಿ. ಡಾಕ್ಟರು ನೋಡಿ, ಔಷಧಿ ಕೊಂಡು ಹೊರಬರುವಾಗ ಮಧ್ಯಾಹ್ನ ಮೀರಿರುತ್ತದೆ. ರಿಪೋರ್ಟ್ ನಾಳೆ ಎಂದರೆ ರೋಗಿಯನ್ನು ಕಾಯಿಸಬೇಡಿ. ಬೇರೆಯವರ ಕೈಗೆ ಕೊಡುತ್ತಾರಾ ಎಂದು ಅಲ್ಲೇ ಕೇಳಿ, ಕೊಡುತ್ತೇವೆ ಎಂದರೆ ರಶೀದಿಯನ್ನು ಗೋವಾದಲ್ಲಿರುವ ನೆಂಟರಿಗೆ ಕೊಟ್ಟು ಹೊರಡಿ. ನಾವು ತಂದು ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡುತ್ತೇವೆ. ಮೂಲ ಕಾಗದ ಮುಂದಿನ ಸಲ ಬಂದಾಗ ತೆಗೆದುಕೊಂಡರಾಯಿತು.