ಅಲುಗದ ಊಟ ಮುಟ್ಟದ ಮೀನುಗಳು

ಸ್ಕಾರ್ಲೆಟ್ ಬ್ಯಾಡಿಸ್ ಅಂತ ಒಂದು ಪುಟ್ಟ ಮೀನಿದೆ. 2 ಸೆಂಟಿಮೀಟರ್ ಬೆಳೆದರೆ ಜಾಸ್ತಿ. ಗಂಡಿನ ಮೈತುಂಬ ಕೆಂಪು ಪಟ್ಟೆಗಳು, ಹೆಣ್ಣು ಅದಕ್ಕಿಂತ ಸಣ್ಣದು, ಬೂದು ಬಣ್ಣದ್ದು. ಒಂದು ಗಂಡು, ಎರಡು ಹೆಣ್ಣು ತಂದು ಗಿಡಗಳಿದ್ದ 40 ಲೀಟರಿನ ಟ್ಯಾಂಕಿಗೆ ಬಿಟ್ಟೆ. ಬೇರೆ ಮೀನುಗಳಿಗೆ ಹಾಕುತ್ತಿದ್ದ ಪೆಲೆಟ್ಟನ್ನೇ ಪುಡಿ ಮಾಡಿ ಹಾಕಿದೆ. ಒಂದೂ ಹತ್ತಿರ ಬರಲಿಲ್ಲ. ಹಸಿವಾದಾಗ ತಾವೇ ತಿನ್ನುತ್ತವೆ ಅಂದುಕೊಂಡೆ. ಆರನೇ ದಿನ ನೋಡಿದರೆ ಒಂದು ಹೆಣ್ಣಿನ ಹೊಟ್ಟೆ ಬೆನ್ನಿಗೆ ಹತ್ತಿತ್ತು. ತಳದಲ್ಲಿ ಪೆಲೆಟ್ ಪುಡಿ ಹಾಗೇ ಬಿದ್ದು ಬೂಸ್ಟು ಹಿಡಿದಿತ್ತು.

ಅವತ್ತು ಟ್ಯಾಂಕಿನ ಮುಂದೆ ಒಂದು ಗಂಟೆ ಸುಮ್ನೆ ಕೂತೆ. ಆಗ ಗೊತ್ತಾಯಿತು, ಈ ಮೀನು ಊಟವನ್ನು ಬೇಡ ಅನ್ನುತ್ತಿರಲಿಲ್ಲ. ಅದಕ್ಕೆ ಅದು ಊಟ ಅಂತಲೇ ಅನ್ನಿಸುತ್ತಿರಲಿಲ್ಲ. ಬ್ಯಾಡಿಸ್ ಪಾಚಿಯ ಸುತ್ತ ನಿಧಾನವಾಗಿ ಸುತ್ತುತ್ತದೆ, ನಿಲ್ಲುತ್ತದೆ. ಎದುರಿಗೆ ಏನಾದರೂ ಅಲುಗಿದರೆ ಮೊದಲು ಕಣ್ಣು ತಿರುಗುತ್ತದೆ, ಆಮೇಲೆ ಮೈ, ಆಮೇಲೆ ಒಂದೇ ಗುಟುಕು. ಅಲುಗದೆ ಬಿದ್ದದ್ದರ ಕಡೆ ಕಣ್ಣೇ ಹೋಗುವುದಿಲ್ಲ.

ಹಾಗಾಗಿ ಬ್ರೈನ್ ಶ್ರಿಂಪ್ ಮೊಟ್ಟೆ ಒಡೆಸಲು ಶುರು ಮಾಡಿದೆ. ಇದು ಉಪ್ಪುನೀರಿನ ಸಿಗಡಿ ಜಾತಿಯ ಜೀವಿ. ಮೊಟ್ಟೆ ಒಣಗಿದ್ದರೂ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿದೆ. 1 ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ, ಅರ್ಧ ಟೀ ಚಮಚ ಮೊಟ್ಟೆ. ಏರ್ ಪಂಪಿನ ಕೊಳವೆ ಬಾಟಲಿಯ ಬಾಯಿಯ ತನಕ ಇಳಿಯಬೇಕು. ಅಷ್ಟು ಕೆಳಗಿಂದ ಗುಳ್ಳೆ ಎದ್ದರೆ ಮಾತ್ರ ಮೊಟ್ಟೆಗಳು ತಳದಲ್ಲಿ ಕೂರದೆ ತಿರುಗುತ್ತಿರುತ್ತವೆ. ಮೇಲಿಂದ ಒಂದು ದೀಪ. ನೀರು 28 ಡಿಗ್ರಿ ಇದ್ದರೆ ಸುಮಾರು 24 ಗಂಟೆಯಲ್ಲಿ ಮರಿ ಆಚೆ ಬರುತ್ತದೆ. ತಣ್ಣಗಿದ್ದರೆ ಒಂದೂವರೆ ದಿನವೂ ಹಿಡಿಯುತ್ತದೆ.

ಚಿಪ್ಪು ಬೇರೆ ಮಾಡುವುದರಲ್ಲಿ ಅವಸರ ಮಾಡಬೇಡಿ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳಕ್ಕೆ ಹೋಗುತ್ತದೆ. ಮರಿಗಳು ಬೆಳಕಿನ ಕಡೆ ಬರುತ್ತವೆ. ಪಕ್ಕದಿಂದ ಟಾರ್ಚ್ ಹಿಡಿದರೆ ಕಿತ್ತಳೆ ಬಣ್ಣದ ಮೋಡದ ಹಾಗೆ ಒಂದೇ ಕಡೆ ಸೇರುತ್ತವೆ. ಅಲ್ಲಿಂದ ಸಣ್ಣ ಕೊಳವೆಯಲ್ಲಿ ಎಳೆದು, ಒತ್ತು ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ಒಮ್ಮೆ ತೊಳೆಯುತ್ತೇನೆ. ಚಿಪ್ಪು ಮೀನಿಗೆ ಜೀರ್ಣವಾಗುವುದಿಲ್ಲ. ಅದಕ್ಕೇ ಈ ಕೆಲಸಕ್ಕೆ ಇಷ್ಟು ತಾಳ್ಮೆ.

ಇನ್ನೊಂದು ಮುಖ್ಯ ಮಾತು. ಆಗತಾನೇ ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಭಾಗ ಇರುತ್ತದೆ, ಪೋಷಣೆ ಇರುವುದು ಅದರಲ್ಲೇ. ಮೊದಲ ದಿನದಲ್ಲೇ ಅದು ಕರಗುತ್ತಾ ಹೋಗುತ್ತದೆ. ನಾಳೆ ಹಾಕೋಣ ಅಂತ ಇಟ್ಟರೆ ಮೀನಿಗೆ ಸಿಗುವ ಸತ್ವ ಕಡಿಮೆ. ಉಳಿದದ್ದನ್ನು ಉಪ್ಪುನೀರಲ್ಲೇ ಫ್ರಿಜ್ಜಿನಲ್ಲಿಟ್ಟರೆ ಒಂದು ದಿನ ತಡೆಯುತ್ತದೆ, ಅಷ್ಟೇ.

ಮೊದಲ ಸಲ ಪಿಪೆಟ್ಟಿನಲ್ಲಿ ನಾಲ್ಕು ಹನಿ ಬಿಟ್ಟಾಗ ಗಂಡು ಮೀನು ಮೊದಲು ಹಿಂದೆ ಸರಿಯಿತು. ಒಂದು ನಿಮಿಷವೂ ಆಗಿರಲಿಲ್ಲ, ಗುಟುಕು ಮೇಲೆ ಗುಟುಕು. ಆ ಖುಷಿಯಲ್ಲಿ ಸಂಜೆ ದೊಡ್ಡ ಸಿರಿಂಜಿನ ತುಂಬ ಹಾಕಿಬಿಟ್ಟೆ. ಅದು ತಪ್ಪಾಯಿತು. ಈ ಮರಿಗಳು ಸಿಹಿನೀರಿನಲ್ಲಿ ಕೆಲವು ಗಂಟೆ ಮಾತ್ರ ಬದುಕುತ್ತವೆ. ಬೆಳಿಗ್ಗೆ ಮರಳಿನ ಮೇಲೆ ಗುಲಾಬಿ ಪದರ, ನೀರು ಮಬ್ಬು, ಮೀನುಗಳು ಮೇಲೆ ಬಂದು ಉಸಿರೆಳೆಯುತ್ತಿದ್ದವು. ಅರ್ಧ ನೀರು ಬದಲಾಯಿಸಿದೆ, ಉಳಿದುಕೊಂಡವು. ಈಗ ಐದು ನಿಮಿಷದಲ್ಲಿ ಮುಗಿಯುವಷ್ಟೇ ಹಾಕುತ್ತೇನೆ, ದಿನಕ್ಕೆ ಎರಡು ಸಲ.

ದಿನವೂ ಮೊಟ್ಟೆ ಒಡೆಸುವುದು ಒಬ್ಬರಿಗೆ ಕಷ್ಟ. ಒಮ್ಮೆ ಡಬ್ಬಿಗೆ ತೇವ ತಗುಲಿ ಮೊಟ್ಟೆ ಒಡೆಯಲೇ ಇಲ್ಲ. ಮೂರು ದಿನ ಮೀನುಗಳಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಆಮೇಲಿಂದ ಒಂದೇ ಆಹಾರವನ್ನು ನಂಬುವುದು ಬಿಟ್ಟೆ. ಮೊಟ್ಟೆಯನ್ನು ಗಾಳಿಯಾಡದ ಸಣ್ಣ ಸಣ್ಣ ಡಬ್ಬಿಗಳಲ್ಲಿ ಹಂಚಿ ಫ್ರಿಜ್ಜಿನಲ್ಲಿಡುತ್ತೇನೆ. ಜೊತೆಗೆ ಮೊಯಿನಾ ಸಾಕುತ್ತೇನೆ.

ಮೊಯಿನಾ ಅಂದರೆ ಡ್ಯಾಫ್ನಿಯಾ ಅನ್ನುವ ನೀರಿನ ಚಿಗಟದ ಸಣ್ಣ ನೆಂಟ. ದೊಡ್ಡ ಡ್ಯಾಫ್ನಿಯಾ ನನ್ನ ಮೀನಿನ ಬಾಯಿಗೆ ಹಿಡಿಯುವುದಿಲ್ಲ, ಮೊಯಿನಾ 1 ಮಿಲಿಮೀಟರ್ ಆಸುಪಾಸು, ಸರಿಯಾಗುತ್ತದೆ. ಇದು ಸಿಹಿನೀರಿನದ್ದೇ ಆದ್ದರಿಂದ ತಿನ್ನದೆ ಉಳಿದದ್ದು ಟ್ಯಾಂಕಿನಲ್ಲೇ ಬದುಕಿರುತ್ತದೆ, ಮೀನು ಸಂಜೆಯವರೆಗೂ ಬೇಟೆಯಾಡುತ್ತದೆ. ಅದರ ಕುಪ್ಪಳಿಸುವ ಈಜು ಕಂಡರೆ ಬ್ಯಾಡಿಸ್ಸಿಗೆ ತಡೆಯಲಾಗುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಹುಟ್ಟಿದ ನಾಲ್ಕೈದು ದಿನಕ್ಕೇ ಮರಿ ಹಾಕಲು ಶುರು ಮಾಡುತ್ತವೆ, ಅದೂ ಗಂಡಿಲ್ಲದೆ.

ಇವುಗಳ ಊಟಕ್ಕೆ ಹಸಿರು ನೀರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಟ್ಯಾಂಕಿನಿಂದ ತೆಗೆದ ನೀರನ್ನು ಬಿಸಿಲಿಗಿಟ್ಟರೆ ಸಾಕು, ಹಸಿರಾಗುತ್ತದೆ. ಅದು ಸಾಲದಾದಾಗ ಯೀಸ್ಟ್ ಕಲಸಿದ ನೀರು ಕೊಡುತ್ತೇನೆ. ಇಲ್ಲೂ ಕೈ ಹಿಡಿತದಲ್ಲಿರಬೇಕು. ಒಮ್ಮೆ ನೀರು ಹಾಲಿನ ಹಾಗೆ ಆಗುವಷ್ಟು ಯೀಸ್ಟ್ ಹಾಕಿದ್ದೆ. ರಾತ್ರಿ ಆಮ್ಲಜನಕ ಮುಗಿದು ಸಾವಿರಾರು ಮೊಯಿನಾ ಬೆಳಗಾಗುವುದರೊಳಗೆ ತಳ ಸೇರಿದ್ದವು. ಎರಡು ತಿಂಗಳು ಬೆಳೆಸಿದ್ದೆ, ತುಂಬಾ ನೋವಾಯಿತು. ಈಗ ನೀರಿಗೆ ತೆಳು ಮಬ್ಬು ಬರುವಷ್ಟೇ ಹಾಕುತ್ತೇನೆ. ಅದು ತಿಳಿಯಾದ ಮೇಲೆಯೇ ಮುಂದಿನ ಊಟ. ಒಂದು ಕೆಟ್ಟರೂ ಇನ್ನೊಂದು ಉಳಿಯಲಿ ಅಂತ ಬೇರೆ ಕೋಣೆಯಲ್ಲಿ ಮೊಯಿನಾದ ಇನ್ನೊಂದು ಬಕೆಟ್ಟೂ ಇದೆ. ಕ್ಲೋರಿನ್ ಇರುವ ನೀರು ನೇರವಾಗಿ ಹಾಕಿದರೆ ಎಲ್ಲವೂ ಸಾಯುತ್ತವೆ, ಅದೂ ನೆನಪಿರಲಿ.

ಮೈಕ್ರೋವರ್ಮ್ ಅನ್ನುವ ಪುಟ್ಟ ಹುಳು ಸಾಕುವುದು ಸುಲಭ. ಗಟ್ಟಿಯಾಗಿ ಬೇಯಿಸಿದ ಓಟ್ಸ್, ಮೇಲೆ ಚಿಟಿಕೆ ಯೀಸ್ಟ್, ಒಂದು ಚಮಚ ಹಳೆಯ ಕಲ್ಚರ್, ಅಂದರೆ ಹುಳುಗಳಿರುವ ಹಳೆಯ ಮಿಶ್ರಣ. ವಾರದೊಳಗೆ ಹುಳುಗಳು ಡಬ್ಬಿಯ ಗೋಡೆ ಹತ್ತುತ್ತವೆ, ಬೆರಳಿನಿಂದ ಒರೆಸಿ ತೆಗೆಯಬಹುದು. ಆದರೆ ನೀರಿಗೆ ಹಾಕಿದ ಕೂಡಲೇ ತಳಕ್ಕೆ ಇಳಿದು ಮರಳಲ್ಲಿ ಮರೆಯಾಗುತ್ತವೆ. ಹಾಗಾಗಿ ಮರಳಿಲ್ಲದ ಮರಿ ಟ್ಯಾಂಕಿಗೆ ಮಾತ್ರ ಬಳಸುತ್ತೇನೆ.

ಟ್ಯುಬಿಫೆಕ್ಸ್ ಹುಳು ಕೊಡುವುದು ನಿಲ್ಲಿಸಿದ್ದೇನೆ. ಅದು ಬೆಳೆಯುವುದು ಕೊಳಚೆ ಕೆಸರಿನಲ್ಲಿ, ರೋಗ ತರುವ ಭಯ ಇದ್ದೇ ಇದೆ. ಸೊಳ್ಳೆ ಮರಿಯನ್ನು ಮೀನು ಬಹಳ ಇಷ್ಟಪಡುತ್ತದೆ, ನಿಜ. ಆದರೆ ಬೆಚ್ಚಗಿನ ದಿನಗಳಲ್ಲಿ ವಾರ ಹತ್ತು ದಿನದಲ್ಲಿ ಅವು ಸೊಳ್ಳೆಯಾಗಿ ಹಾರುತ್ತವೆ. ಮನೆಯಲ್ಲಿ ಮಕ್ಕಳಿರುವಾಗ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಫ್ರೀಜ್ ಮಾಡಿದ ಡ್ಯಾಫ್ನಿಯಾ ತಿನ್ನುವುದನ್ನು ಮೀನುಗಳಿಗೆ ಕಲಿಸಲು ಎರಡು ತಿಂಗಳು ಹಿಡಿಯಿತು. ಜೀವಂತ ಮೊಯಿನಾ ಜೊತೆ ಒಂದೆರಡು ತುಣುಕು ಸೇರಿಸಿ, ಪಿಪೆಟ್ಟಿನಿಂದ ನೀರಿನ ಹರಿವಿಗೆ ಬಿಡುತ್ತಿದ್ದೆ. ಅಲುಗುವುದರ ನಡುವೆ ಅದೂ ಅಲುಗಿದಂತೆ ಕಾಣುತ್ತದೆ ಅಲ್ವಾ. ಗಂಡು ಮತ್ತು ಒಂದು ಹೆಣ್ಣು ಕಲಿತವು. ಇನ್ನೊಂದು ಹೆಣ್ಣು ಇವತ್ತಿಗೂ ಬಾಯಿಗೆ ಹಾಕಿಕೊಂಡು ಉಗಿಯುತ್ತದೆ. ಅದಕ್ಕೆ ಜೀವಂತ ಆಹಾರವೇ ಆಗಬೇಕು, ಕೊಡುತ್ತೇನೆ. ಗಂಡು ತನ್ನ ಜಾಗಕ್ಕೆ ಯಾರನ್ನೂ ಬಿಡುವುದಿಲ್ಲ. ಆದ್ದರಿಂದ ಮೊದಲು ಅದಕ್ಕೆ ಒಂದು ಮೂಲೆಯಲ್ಲಿ ಹಾಕಿ, ಅದು ತಿನ್ನುವಾಗ ಎದುರು ಮೂಲೆಯಲ್ಲಿ ಹೆಣ್ಣುಗಳಿಗೆ ಹಾಕುತ್ತೇನೆ.

ಹೋದ ಸಲ ಪಾಚಿಯ ನಡುವೆ ಬ್ಯಾಡಿಸ್ ಮರಿಗಳು ಕಂಡವು. ಬ್ರೈನ್ ಶ್ರಿಂಪ್ ಮರಿ ಸುಮಾರು ಅರ್ಧ ಮಿಲಿಮೀಟರ್ ಇರುತ್ತದೆ, ಆ ಬಾಯಿಗೆ ಅದೂ ದೊಡ್ಡದು. ಮೊದಲ ದಿನಗಳಲ್ಲಿ ಪಾಚಿಯಲ್ಲಿದ್ದ ಕಣ್ಣಿಗೆ ಕಾಣದ ಜೀವಿಗಳೇ ಊಟ. ಆಮೇಲೆ ವಿನೆಗರ್ ಈಲ್ ಕೊಟ್ಟೆ. ಇವು ನೂಲಿಗಿಂತ ತೆಳ್ಳಗಿನ ಹುಳುಗಳು, ಸೇಬಿನ ವಿನೆಗರ್ ಮತ್ತು ನೀರು ಸಮಸಮ ಬೆರೆಸಿದ ಬಾಟಲಿಯಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಉದ್ದ ಕತ್ತಿನ ಬಾಟಲಿಯಲ್ಲಿ ಕತ್ತಿನವರೆಗೆ ಕಲ್ಚರ್ ತುಂಬಿ, ಹತ್ತಿ ತುರುಕಿ, ಮೇಲೆ ಶುದ್ಧ ನೀರು ಹಾಕಿಟ್ಟರೆ ಮರುದಿನ ಗಾಳಿ ಹುಡುಕಿಕೊಂಡು ಮೇಲೆ ಬಂದಿರುತ್ತವೆ. ವಿನೆಗರ್ ಟ್ಯಾಂಕಿಗೆ ಹೋಗುವುದಿಲ್ಲ. ಇವು ತಳಕ್ಕೆ ಇಳಿಯದೆ ನೀರಿನಲ್ಲೇ ಈಜುತ್ತಿರುತ್ತವೆ, ಮರಿಗಳ ಕಣ್ಣ ಮುಂದೆಯೇ.

ಹದಿನೈದನೇ ದಿನ ಧೈರ್ಯ ಮಾಡಿ ಆಗತಾನೇ ಒಡೆದ ಬ್ರೈನ್ ಶ್ರಿಂಪ್ ಒಂದು ಹನಿ ಬಿಟ್ಟೆ. ಭೂತಗನ್ನಡಿ ಹಿಡಿದು ನೋಡಿದೆ. ಏಳು ಮರಿಗಳಲ್ಲಿ ಐದರ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.