ಕಂಟ್ರೋಲ್ ಸರ್ವರ್ ಅಲಾರಂ: ಮೊದಲು ಲಾಗ್, ಆಮೇಲೆ ಇಮೇಲ್

ಕಟ್ಟಡದ ಎಸಿ, ಪಂಪು, ಜನರೇಟರ್, ಶೀತಲ ಕೊಠಡಿ ಎಲ್ಲವನ್ನೂ ನೆಟ್‌ವರ್ಕ್‌ನಲ್ಲೇ ನೋಡಿಕೊಳ್ಳುವ ಕಂಟ್ರೋಲ್ ಸರ್ವರ್ ಕೂರಿಸಿದ ಕೂಡಲೇ ಬರುವ ಪ್ರಶ್ನೆ: ‘ಏನಾದರೂ ಕೆಟ್ಟರೆ ಮೇಲ್ ಬರುತ್ತೆ ತಾನೆ?’ ಬರುತ್ತದೆ. ಆದರೆ ಮೇಲ್ ಸೆಟ್ಟಿಂಗ್‌ನಿಂದಲೇ ಕೆಲಸ ಶುರು ಮಾಡಿದರೆ ರಾಶಿ ರಾಶಿ ಮೇಲ್ ಬಂದು, ಕೊನೆಗೆ ಯಾರೂ ತೆರೆಯದ ಫೋಲ್ಡರ್‌ಗೆ ಹೋಗಿ ಬೀಳುತ್ತವೆ. ಆದ್ದರಿಂದ ಅದು ಕೊನೆಗಿರಲಿ. ಮೆನುಗಳ ಹೆಸರು ಒಂದೊಂದು ಕಂಪನಿಯದು ಒಂದೊಂದು ಥರ. ಕೆಲಸದ ಕ್ರಮ ಮಾತ್ರ ಬಹುತೇಕ ಇದೇ.

1. ಗಡಿಯಾರ

ಟೈಮ್‌ಝೋನ್ ಆರಿಸಿ, ಎನ್‌ಟಿಪಿ ಸರ್ವರ್‌ನ (ನೆಟ್‌ವರ್ಕ್‌ನಲ್ಲಿ ಸರಿಯಾದ ಸಮಯ ಕೊಡುವ ಸರ್ವರ್) ವಿಳಾಸ ಕೊಡಿ. ಇದಕ್ಕೆ ಫೈರ್‌ವಾಲ್‌ನಲ್ಲಿ ಯುಡಿಪಿ 123ನೇ ಪೋರ್ಟ್ (ಮಾಹಿತಿ ಹೋಗಿಬರುವ ಬಾಗಿಲು) ತೆರೆದಿರಬೇಕು. ಬ್ಯಾಟರಿ ಸತ್ತ ಕೆಲವು ಸಾಧನಗಳು ಕರೆಂಟ್ ಹೋಗಿ ಬಂದಾಗ 1970ರ ಜನವರಿ 1ಕ್ಕೆ ಜಾರಿಬಿಡುತ್ತವೆ. ಆಗ ಲಾಗ್ (ಅಲಾರಂಗಳ ದಾಖಲೆ) ನಂಬುವ ಹಾಗಿಲ್ಲ. ಭದ್ರತಾ ಸರ್ಟಿಫಿಕೇಟ್‌ನ ದಿನಾಂಕ ತಾಳೆಯಾಗದೆ ಮೇಲ್ ಕೂಡ ಹೊರಡದಿರಬಹುದು.

2. ಮಿತಿ, ಡೆಡ್‌ಬ್ಯಾಂಡ್, ಡಿಲೇ

ಅಸಲಿ ಕೆಲಸ ಇರುವುದು ಇಲ್ಲಿ. ಲಸಿಕೆ ಇಡುವ ಶೀತಲ ಕೊಠಡಿಯನ್ನೇ ತೆಗೆದುಕೊಳ್ಳಿ. ತಾಪಮಾನ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಗರಿಷ್ಠ ಮಿತಿ 8 ಎಂದಷ್ಟೇ ಬರೆದು ಸೇವ್ ಮಾಡಿದಿರಿ ಎನ್ನಿ. ತಾಪಮಾನ 8.1, 7.9, 8.2, 7.8 ಎಂದು ಗಡಿಯಲ್ಲೇ ತೂಗಾಡುತ್ತಿದ್ದರೆ ಪ್ರತಿ ಏರಿಳಿತಕ್ಕೂ ಒಂದು ಅಲಾರಂ. ಡೆಡ್‌ಬ್ಯಾಂಡ್ (ಅಲಾರಂ ಇಳಿಯಲು ಮಿತಿಗಿಂತ ಎಷ್ಟು ಕೆಳಗೆ ಬರಬೇಕೆಂಬ ಅಂತರ) 0.5 ಕೊಟ್ಟರೆ 8 ದಾಟಿದಾಗ ಎದ್ದ ಅಲಾರಂ 7.5ಕ್ಕೆ ಇಳಿಯುವವರೆಗೆ ಒಂದೇ ಅಲಾರಂ ಆಗಿ ಉಳಿಯುತ್ತದೆ.

ಇನ್ನು ಡಿಲೇ, ಅಂದರೆ ಅಲಾರಂ ಕೂಗುವ ಮುನ್ನ ಕಾಯುವ ಸಮಯ. ಬಾಗಿಲು ತೆರೆದು ಪೆಟ್ಟಿಗೆ ಹೊರತೆಗೆಯುವಷ್ಟರಲ್ಲಿ ಒಳಗಿನ ಗಾಳಿ ಬಿಸಿಯಾಗುವುದು ಸಹಜ. ಮಿತಿ ಮೀರಿದ ಸ್ಥಿತಿ ಒಂದೇ ಸಮನೆ 5 ನಿಮಿಷ ಇದ್ದರೆ ಮಾತ್ರ ಕೂಗು ಎಂದು ಹೇಳಿಕೊಡಿ. ಬೆಂಕಿ, ಅನಿಲ ಸೋರಿಕೆಯಂಥದ್ದಕ್ಕೆ ಈ ಲೆಕ್ಕ ಸಲ್ಲದು. ಅವುಗಳಿಗೆ ಪ್ರತ್ಯೇಕ ವ್ಯವಸ್ಥೆಯೇ ಬೇಕು, ಇಮೇಲ್ ನೆಚ್ಚಿಕೊಳ್ಳಲೇಬಾರದು.

ಪ್ರತಿ ಅಲಾರಂಗೂ ಆದ್ಯತೆ ಕೊಡಿ. ಎಲ್ಲಕ್ಕೂ ‘ಹೈ’ ಕೊಟ್ಟರೆ ಯಾವುದೂ ಹೈ ಅಲ್ಲ. ಕಂಟ್ರೋಲ್ ರೂಮಿನಲ್ಲೇ ಕೂತ ಆಪರೇಟರ್‌ಗೂ 10 ನಿಮಿಷಕ್ಕೆ ಸರಾಸರಿ ಒಂದು ಅಲಾರಂ ಸಾಕು ಎನ್ನುತ್ತದೆ ಅಲಾರಂ ನಿರ್ವಹಣೆಯ ಐಎಸ್‌ಎ 18.2 ಮಾನದಂಡ. ಹತ್ತು ಕೆಲಸದ ನಡುವೆ ಫೋನ್ ನೋಡುವವರಿಗೆ ಅಷ್ಟೂ ಜಾಸ್ತಿಯೇ.

3. ಲಾಗ್

ಸಮಯ, ಪಾಯಿಂಟ್‌ನ (ಅಲಾರಂ ಎದ್ದ ಸೆನ್ಸರ್ ಅಥವಾ ಸಾಧನ) ಹೆಸರು, ಮೌಲ್ಯ, ಆದ್ಯತೆ, ಯಾರು ಅಕ್ನಾಲೆಜ್ ಮಾಡಿದರು (‘ನೋಡಿದೆ’ ಎಂದು ಒತ್ತಿದರು) ಎಂಬುದೆಲ್ಲ ಪ್ರತಿ ಸಾಲಿನಲ್ಲಿ ಬರಲಿ. ಅಲಾರಂ ಎದ್ದದ್ದರ ಜೊತೆಗೆ ಇಳಿದದ್ದೂ ದಾಖಲಾಗಬೇಕು; ಇಲ್ಲವಾದರೆ ಕೊಠಡಿ ಎಷ್ಟು ಹೊತ್ತು ಬಿಸಿಯಾಗಿತ್ತೆಂದು ಆಮೇಲೆ ಹೇಳಲಾಗದು. ಫೈಲ್ ತುಂಬಿದಾಗ ಏನು ಮಾಡಬೇಕು ಎಂಬ ಆಯ್ಕೆಯಲ್ಲಿ ‘ನಿಲ್ಲಿಸು’ ಎಂದಿದ್ದರೆ ಬದಲಿಸಿ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವಂತೆ ಮಾಡಿ. ಹಳೆಯದು ಅಳಿಯುವ ಮುಂಚೆ ಸಿಎಸ್‌ವಿ ಪ್ರತಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಫೈಲ್) ಬೇರೆ ಕಂಪ್ಯೂಟರ್ ಸೇರಿರಲಿ.

4. ಇಮೇಲ್

ಮೊದಲು ನೆಟ್‌ವರ್ಕ್ ಪುಟದಲ್ಲಿ ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ದಾರಿ), ಡಿಎನ್‌ಎಸ್ (ಸರ್ವರ್ ಹೆಸರಿನಿಂದ ಐಪಿ ವಿಳಾಸ ಹುಡುಕುವ ಸೇವೆ) ನೋಡಿ. ಐಪಿ ವಿಳಾಸ ಕೊಟ್ಟು ಇವೆರಡನ್ನು ಖಾಲಿ ಬಿಟ್ಟಿರುವುದು ತೀರಾ ಮಾಮೂಲು. ನಂತರ ಎಸ್‌ಎಂಟಿಪಿ ಸರ್ವರ್‌ನ (ಮೇಲ್ ಕಳುಹಿಸುವ ಸರ್ವರ್) ಹೆಸರು ಮತ್ತು ಪೋರ್ಟ್: ಸ್ಟಾರ್ಟ್‌ಟಿಎಲ್‌ಎಸ್ (ಸಂಪರ್ಕವಾದ ಮೇಲೆ ಟಿಎಲ್‌ಎಸ್ ಎಂಬ ಗೂಢಲಿಪಿ ರಕ್ಷಣೆ ಶುರು) ಆದರೆ 587, ಆರಂಭದಿಂದಲೇ ಟಿಎಲ್‌ಎಸ್ ಆದರೆ 465. 25ನೇ ಪೋರ್ಟನ್ನು ಅನೇಕ ಇಂಟರ್‌ನೆಟ್ ಕಂಪನಿಗಳು ಮುಚ್ಚಿರುತ್ತವೆ. ಯಾರದೋ ಸ್ವಂತ ಖಾತೆ ಬೇಡ, ಅಲಾರಂಗೆಂದೇ ಒಂದು ಖಾತೆ ತೆರೆಯಿರಿ. ಜಿಮೇಲ್ ಆದರೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಕಳುಹಿಸುವವರ ವಿಳಾಸವೂ ಲಾಗಿನ್ ಖಾತೆಯೂ ಒಂದೇ ಇದ್ದರೆ ಮೇಲ್ ಸ್ಪ್ಯಾಮ್‌ಗೆ ಹೋಗುವ ಸಂಭವ ಕಡಿಮೆ. ಸಾಧನ ಹಳೆಯದಾಗಿ ಹೊಸ ಟಿಎಲ್‌ಎಸ್ ಅರ್ಥವಾಗದಿದ್ದರೆ, ಕಚೇರಿಯ ಒಳಗೇ ಒಂದು ರಿಲೇ ಮೇಲ್ ಸರ್ವರ್ ಇಟ್ಟು ಅದರ ಮೂಲಕ ಕಳುಹಿಸಿ.

ಸಬ್ಜೆಕ್ಟ್ ಸಾಲಿನಲ್ಲಿ ಬರೀ ‘ಅಲಾರಂ’ ಎಂದಿದ್ದರೆ ಏನು ಪ್ರಯೋಜನ? ‘ಹೈ: ಶೀತಲ ಕೊಠಡಿ 2, 9.4 ಡಿಗ್ರಿ, ಮಿತಿ 8’ ಎಂದಿದ್ದರೆ ಮೇಲ್ ತೆರೆಯುವ ಮೊದಲೇ ವಿಷಯ ಗೊತ್ತಾಗುತ್ತದೆ. ಕಡಿಮೆ ಆದ್ಯತೆಯವು ಲಾಗ್‌ನಲ್ಲೇ ಇರಲಿ, ಮೇಲ್ ಬೇಡ.

5. ಪರೀಕ್ಷೆ

‘ಟೆಸ್ಟ್ ಮೇಲ್’ ಬಟನ್ ಒತ್ತಿ ಮೇಲ್ ಬಂದರೆ ಮೇಲ್ ಸೆಟ್ಟಿಂಗ್ ಸರಿಯಿದೆ ಎಂದರ್ಥ, ಅಷ್ಟೇ. ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದು ಬಿಸಿ ಮಾಡಿ, ಡಿಲೇ ಮುಗಿಯುವವರೆಗೆ ಕಾದು, ಲಾಗ್‌ನ ಸಾಲು ಮತ್ತು ಮೇಲ್ ಎರಡರ ಸಮಯ ಹೋಲಿಸಿ. ಬಳಿಕ ನೆಟ್‌ವರ್ಕ್ ಕೇಬಲ್ ಕಿತ್ತು ಇನ್ನೊಮ್ಮೆ ಮಾಡಿ. ಕೇಬಲ್ ಮತ್ತೆ ಹಾಕಿದಾಗ ತಡೆದಿದ್ದ ಮೇಲ್ ಹೊರಡುತ್ತದೋ, ಕಳೆದೇ ಹೋಗುತ್ತದೋ ತಿಳಿದಿರಬೇಕು.

ಸರ್ವರೇ ನಿಂತುಹೋದರೆ ‘ನಿಂತಿದ್ದೇನೆ’ ಎಂದು ಮೇಲ್ ಕಳಿಸಲು ಯಾರೂ ಇರುವುದಿಲ್ಲ. ಅದಕ್ಕೆ ದಿನಾ ಬೆಳಿಗ್ಗೆ 8ಕ್ಕೆ ‘ಎಲ್ಲ ಸರಿಯಿದೆ’ ಎಂಬ ಒಂದು ಮೇಲ್ ಹೋಗುವಂತೆ ಶೆಡ್ಯೂಲರ್‌ನಲ್ಲಿ ಹಾಕಿಡಿ, ಅದು ಬಾರದ ದಿನ ಸರ್ವರ್ ನೋಡಲು ಹೋಗಬೇಕಾದವರು ಯಾರೆಂದೂ ಗೊತ್ತು ಮಾಡಿ.